ಕಿವಿಯಿಂದ ಓದುವವರಿಗಾಗಿ ಬರೆಯುವುದು



ಸ್ಕ್ರೀನ್ ರೀಡರ್ ಅಂದರೆ ಕಂಪ್ಯೂಟರಿನ ತೆರೆಯನ್ನು ಕ್ಯಾಮೆರಾದಲ್ಲಿ ನೋಡಿ ಓದಿ ಹೇಳುವ ಯಂತ್ರ ಎಂದು ತಿಳಿದವರು ಬಹಳ ಜನ. ನಮ್ಮ ವಿಭಾಗದ ಹಿರಿಯರೊಬ್ಬರು ಒಮ್ಮೆ, ‘ನಿಮ್ಮ ಲ್ಯಾಪ್‌ಟಾಪಿನ ಗಾಜಿನ ಮೇಲೆ ಧೂಳು ಕೂತಿದೆ ಕಣ್ರೀ, ಒರೆಸಿಕೊಡ್ತೀನಿ. ಇಲ್ಲದಿದ್ರೆ ಅದಕ್ಕೆ ಅಕ್ಷರ ಕಾಣೋದು ಹೇಗೆ?’ ಎಂದು ಕರ್ಚೀಫು ತೆಗೆದರು. ಒರೆಸಲಿ ಎಂದು ಸುಮ್ಮನಿದ್ದೆ. ಕಾಳಜಿಯಿಂದ ಬಂದವರಿಗೆ ಬೇಡ ಅನ್ನಬಾರದು. ಆದರೆ ನಾನು ಕೆಲಸ ಮಾಡುವಾಗ ಆ ತೆರೆಯ ಬೆಳಕನ್ನು ಪೂರ್ತಿ ಇಳಿಸಿಯೇ ಇಟ್ಟಿರುತ್ತೇನೆ. ಬ್ಯಾಟರಿ ಉಳಿಯುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಪತ್ರಗಳನ್ನು ನನಗಿಂತ ಮೊದಲು ಓದಿ ಮುಗಿಸುವುದೂ ತಪ್ಪುತ್ತದೆ.

ಹಾಗಾದರೆ ಅದು ಓದುವುದು ಏನನ್ನು? ನೀವು ತೆರೆಯ ಮೇಲೆ ನೋಡುವ ಪ್ರತಿಯೊಂದಕ್ಕೂ ಕಂಪ್ಯೂಟರಿನ ಒಳಗೆ ಒಂದು ಲೆಕ್ಕ ಇರುತ್ತದೆ. ಇದು ಬಟನ್, ಹೆಸರು ‘ಉಳಿಸಿ’, ಈಗ ಒತ್ತಬಹುದು. ಇದು ಟಿಕ್ ಹಾಕುವ ಚೌಕ, ಹೆಸರು ‘ಷರತ್ತುಗಳಿಗೆ ಒಪ್ಪಿಗೆ’, ಇನ್ನೂ ಟಿಕ್ ಬಿದ್ದಿಲ್ಲ. ಇದು ಎರಡನೆಯ ಹಂತದ ಶೀರ್ಷಿಕೆ. ಹೀಗೆ ಹೆಸರು, ಬಗೆ, ಸ್ಥಿತಿ ಎಂಬ ಮೂರು ವಿವರಗಳನ್ನು ಸ್ಕ್ರೀನ್ ರೀಡರ್ ಆಪರೇಟಿಂಗ್ ಸಿಸ್ಟಮ್ಮಿನಿಂದ ಕೇಳಿ ಪಡೆಯುತ್ತದೆ, ಮಾತಿನ ಎಂಜಿನ್ನಿಗೆ ದಾಟಿಸುತ್ತದೆ. ಎಂಜಿನ್ನು ಅದನ್ನು ಉಚ್ಚರಿಸುತ್ತದೆ. ಬಟನ್‌ಗೆ ಹೆಸರು ಕೊಡದೆ ಬರೀ ಒಂದು ಚಂದದ ಚಿತ್ರ ಅಂಟಿಸಿದ್ದರೆ ನನಗೆ ಕೇಳಿಸುವುದು ‘ಬಟನ್’ ಅಷ್ಟೇ. ಪಕ್ಕದ್ದೂ ಬಟನ್. ಅದರ ಪಕ್ಕದ್ದೂ ಬಟನ್. ಯಾವುದು ಹಣ ಕಳಿಸುತ್ತದೆ, ಯಾವುದು ರದ್ದು ಮಾಡುತ್ತದೆ ಎಂದು ಒತ್ತಿ ನೋಡಿಯೇ ತಿಳಿಯಬೇಕು.

ಈ ಹೊತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ನನ್ನ ಓದು ನನ್ನ ಸಾಫ್ಟ್‌ವೇರಿನ ಜಾಣತನವನ್ನು ನೆಚ್ಚಿರುವುದು ಸ್ವಲ್ಪ. ಕಣ್ಣಿರುವ ನೀವು ಬರೆಯುವ, ಟೈಪು ಮಾಡುವ, ಪ್ರಕಟಿಸುವ ರೀತಿಯನ್ನು ನೆಚ್ಚಿರುವುದು ಬಹಳ. ನಾನು ಕನ್ನಡ ಮೇಷ್ಟ್ರು, ಎಂಜಿನಿಯರ್ ಅಲ್ಲ. ಆದ್ದರಿಂದ ಯಂತ್ರದ ಕಥೆಯನ್ನು ಬೇಕಾದಷ್ಟೇ ಹೇಳಿ ಕನ್ನಡದ ಕಥೆಗೆ ಬರುತ್ತೇನೆ.

ಮೊದಲು, ನಾನು ಬೆಳಗಿನ ಪತ್ರಿಕೆ ಓದುವುದು ಹೇಗೆಂದು ಹೇಳಿಬಿಡುತ್ತೇನೆ. ಪತ್ರಿಕೆಯ ವೆಬ್‌ಸೈಟ್ ತೆರೆದ ಕೂಡಲೇ ಮೇಲಿನಿಂದ ಕೆಳಗೆ ಓದಿಸುವುದಿಲ್ಲ. ಹಾಗೆ ಮಾಡಿದರೆ ಜಾಹೀರಾತು, ಚಂದಾ, ಲಾಗಿನ್, ಇಪ್ಪತ್ತು ವಿಭಾಗಗಳ ಹೆಸರು ಇಷ್ಟನ್ನು ದಾಟುವ ಹೊತ್ತಿಗೆ ಕಾಫಿ ಆರಿರುತ್ತದೆ. ಕೀಬೋರ್ಡಿನಲ್ಲಿ ಎಚ್ ಒತ್ತುತ್ತೇನೆ. ಮುಂದಿನ ಶೀರ್ಷಿಕೆಗೆ ಜಿಗಿಯುತ್ತದೆ. ಮತ್ತೆ ಎಚ್, ಮತ್ತೊಂದು ಶೀರ್ಷಿಕೆ. ಬೇಕೆನಿಸಿದ ಕಡೆ ನಿಂತು ಇನ್ಸರ್ಟ್ ಕೀಲಿಯ ಜೊತೆ ಕೆಳಗಿನ ಬಾಣ ಒತ್ತಿದರೆ ಅಲ್ಲಿಂದ ಓದು ಶುರು. ಕೋಷ್ಟಕಕ್ಕೆ ಟಿ, ಅರ್ಜಿಯ ಖಾನೆಗೆ ಎಫ್, ಲಿಂಕಿಗೆ ಕೆ. ಪುಟದಲ್ಲಿರುವ ಲಿಂಕುಗಳನ್ನೆಲ್ಲ ಒಂದೇ ಪಟ್ಟಿಯಾಗಿ ತರಿಸಿಕೊಳ್ಳಲು ಇನ್ಸರ್ಟ್ ಜೊತೆ ಎಫ್7. ಆ ಪಟ್ಟಿಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’, ‘ಇಲ್ಲಿ ಕ್ಲಿಕ್ ಮಾಡಿ’, ‘ಇಲ್ಲಿ ಕ್ಲಿಕ್ ಮಾಡಿ’ ಎಂದೇ ಇದ್ದರೆ, ಎಲ್ಲಿ ಸ್ವಾಮಿ ಎಂದು ಕೇಳಬೇಕಾಗುತ್ತದೆ. ಮೌಸ್ ನನ್ನ ಮೇಜಿನ ಮೇಲಿಲ್ಲ. ಇದ್ದದ್ದನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟೆ.

ಕಣ್ಣಿಗೆ ಪುಟವೆಲ್ಲ ಒಂದೇ ಸಲ ಸಿಗುತ್ತದೆ. ಕಿವಿಗೆ ಒಂದು ಹೊತ್ತಿಗೆ ಒಂದೇ ಮಾತು. ಬಾಳೆಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸುವುದಕ್ಕೆ ಒಂದು ಕ್ರಮ ಇದೆಯಲ್ಲ, ಆ ಕ್ರಮ ಇರುವುದರಿಂದಲೇ ನಾನು ಮದುವೆ ಮನೆಯಲ್ಲಿ ಯಾರನ್ನೂ ಕೇಳದೆ ಊಟ ಮಾಡುತ್ತೇನೆ. ಶೀರ್ಷಿಕೆಗಳಿರುವ ಪುಟ ಅಂಥ ಎಲೆ. ಶೀರ್ಷಿಕೆಯೇ ಇಲ್ಲದ ಪುಟದಲ್ಲಿ ಎಲ್ಲವನ್ನೂ ಕಲಸಿಟ್ಟಿರುತ್ತಾರೆ. ವೆಬ್ಏಮ್ ಎಂಬ ಅಮೆರಿಕದ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರ ಸಮೀಕ್ಷೆಯನ್ನು ಆಗಾಗ ಮಾಡುತ್ತದೆ. 2024ರಲ್ಲಿ ಪ್ರಕಟವಾದ ಹತ್ತನೆಯ ಸಮೀಕ್ಷೆಯಲ್ಲಿ, ಉದ್ದನೆಯ ಪುಟದಲ್ಲಿ ಬೇಕಾದ್ದನ್ನು ಹುಡುಕಲು ಮೊದಲು ಶೀರ್ಷಿಕೆಗಳನ್ನೇ ಹಿಡಿದು ಹೋಗುತ್ತೇವೆ ಎಂದವರು ಶೇಕಡಾ 71.6. ಇನ್ನು ಬರೆಯುವವರ ಅಭ್ಯಾಸವೋ: ಒಂದು ಸಾಲನ್ನು ದಪ್ಪ ಮಾಡಿ, ಗಾತ್ರ ಹಿಗ್ಗಿಸಿ, ಅದನ್ನೇ ಶೀರ್ಷಿಕೆ ಅನ್ನುತ್ತಾರೆ. ದಪ್ಪವಾಗಿರುವುದು ಕಣ್ಣಿಗೆ, ಒಳಗಿನ ಲೆಕ್ಕದಲ್ಲಿ ಅದು ಉಳಿದೆಲ್ಲ ಸಾಲಿನಂತೆ ಒಂದು ಸಾಲು. ವರ್ಡ್‌ನಲ್ಲಿ ‘ಹೆಡಿಂಗ್’ ಎಂಬ ಶೈಲಿಯನ್ನು ಆರಿಸುವುದು ಒಂದೇ ಕ್ಲಿಕ್ಕಿನ ಕೆಲಸ. ಅದನ್ನು ಮಾಡಿದ ಪಿಎಚ್‌.ಡಿ. ಪ್ರಬಂಧ ನನ್ನ ಕೈಗೆ ಬರುವುದು ಅಪರೂಪ.

ಇತಿಹಾಸಕ್ಕೆ ಬರೋಣ. ವಿಂಡೋಸಿಗೂ ಮೊದಲಿನ ಡಾಸ್ ಕಾಲದ ಕಂಪ್ಯೂಟರಿನಲ್ಲಿ ತೆರೆ ಎಂದರೆ 25 ಸಾಲು, ಸಾಲಿಗೆ 80 ಅಕ್ಷರ. ಆ ಎರಡು ಸಾವಿರ ಅಕ್ಷರಗಳು ನೆನಪಿನ ಒಂದು ಗೊತ್ತಾದ ಜಾಗದಲ್ಲಿ ಅಕ್ಷರಗಳಾಗಿಯೇ ಕೂತಿರುತ್ತಿದ್ದವು. ಅಲ್ಲಿಂದ ಎತ್ತಿ ಮಾತಿನ ಯಂತ್ರಕ್ಕೆ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಐಬಿಎಂನಲ್ಲಿ ಜಿಮ್ ಥ್ಯಾಚರ್ ಎಂಬ ಗಣಿತಜ್ಞರಿದ್ದರು. ಅವರ ಗುರುವೂ ಸಹೋದ್ಯೋಗಿಯೂ ಆಗಿದ್ದ ಜೆಸ್ಸಿ ರೈಟ್ ಅಂಧರು. ಗುರುವಿನ ಜೊತೆ ಶುರುವಾದ ಆ ಕೆಲಸ 1980ರ ದಶಕದಲ್ಲಿ ಡಾಸ್‌ಗಾಗಿ ಐಬಿಎಂ ಸ್ಕ್ರೀನ್ ರೀಡರ್ ಆಗಿ ಹೊರಬಂತು. ಮುಂದೆ ಆ ಬಗೆಯ ಸಾಫ್ಟ್‌ವೇರಿಗೆಲ್ಲ ಅದೇ ಹೆಸರು ನಿಂತಿತು.

ಇನ್ನೊಬ್ಬರು ಟೆಡ್ ಹೆಂಟರ್. ಅಮೆರಿಕದ ಮೋಟಾರ್‌ಸೈಕಲ್ ರೇಸಿನ ಮನುಷ್ಯ. 1978ರಲ್ಲಿ ರೇಸಿಗೆಂದು ಇಂಗ್ಲೆಂಡಿಗೆ ಹೋದವರು ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಆಮೇಲೆ ಪ್ರೋಗ್ರಾಮಿಂಗ್ ಕಲಿತರು, 1987ರಲ್ಲಿ ಬಿಲ್ ಜಾಯ್ಸ್ ಎಂಬುವರ ಜೊತೆ ಕಂಪನಿ ಕಟ್ಟಿದರು, 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್ ತಂದರು. ರೇಸಿನವರಿಗೆ ವೇಗದ ಮೇಲೆ ಇರುವ ಪ್ರೀತಿ ಜಾಸ್‌ನಲ್ಲೂ ಉಳಿದಿದೆ ಎಂದು ನನಗೆ ಅನಿಸುವುದುಂಟು.

ಅಷ್ಟರಲ್ಲಿ ವಿಂಡೋಸ್ ಬಂತು. ಕಣ್ಣಿರುವವರು ಚಿತ್ರ, ಬಣ್ಣ, ಕಿಟಕಿ ಎಂದು ಹಿಗ್ಗಿದರು. ಅಂಧರಿಗೆ ಅದು ಬರಸಿಡಿಲು. ತೆರೆಯ ಮೇಲೆ ಈಗ ಅಕ್ಷರಗಳೇ ಇಲ್ಲ, ಬಣ್ಣದ ಚುಕ್ಕೆಗಳಿವೆ. ‘ಅ’ ಕೂಡ ಚುಕ್ಕೆಗಳ ಗುಂಪು, ಹೂವಿನ ಚಿತ್ರವೂ ಚುಕ್ಕೆಗಳ ಗುಂಪು. ಡಾಸ್ ನಂಬಿ ಕೆಲಸಕ್ಕೆ ಸೇರಿದ್ದವರಿಗೆ, ಕಚೇರಿ ವಿಂಡೋಸಿಗೆ ಬದಲಾದರೆ ನಮ್ಮ ಗತಿ ಏನು ಎಂಬ ದಿಗಿಲು. ಆಗ ಹೂಡಿದ ಉಪಾಯ ಸ್ವಾರಸ್ಯದ್ದು. ತೆರೆಯ ಮೇಲೆ ಏನನ್ನಾದರೂ ಬರೆಯುವ ಮುನ್ನ ಪ್ರೋಗ್ರಾಮು ‘ಈ ಜಾಗದಲ್ಲಿ ಈ ಪದ ಬರೆ’ ಎಂದು ವಿಂಡೋಸಿಗೆ ಆಜ್ಞೆ ಕೊಡಬೇಕು. ಆ ಆಜ್ಞೆಯನ್ನು ದಾರಿಯಲ್ಲೇ ಅಡ್ಡಗಟ್ಟಿ, ಅಕ್ಷರಗಳು ಚುಕ್ಕೆಗಳಾಗಿ ಕರಗುವ ಮೊದಲೇ ನಕಲು ಮಾಡಿಕೊಳ್ಳುವುದು. ಹೀಗೆ ತೆರೆಯದೊಂದು ಪ್ರತಿರೂಪವನ್ನು ನೆನಪಿನಲ್ಲಿ ಕಟ್ಟಿ ಅದನ್ನು ಓದುವುದು. 1995ರಲ್ಲಿ ಬಂದ ವಿಂಡೋಸಿನ ಜಾಸ್ ಕೆಲಸ ಮಾಡಿದ್ದು ಹೀಗೆ. ಕದ್ದು ಕೇಳಿಸಿಕೊಳ್ಳುವ ಈ ಉಪಾಯ ಪ್ರತಿ ಹೊಸ ಆವೃತ್ತಿಗೂ ಮುಗ್ಗರಿಸುತ್ತಿತ್ತು. 1997ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ಅಧಿಕೃತ ಬಾಗಿಲು ತೆರೆದ ಮೇಲೆ, ನಾನು ಮೊದಲು ಹೇಳಿದ ಹೆಸರು, ಬಗೆ, ಸ್ಥಿತಿಗಳನ್ನು ಕೇಳಿ ಪಡೆಯುವ ಪದ್ಧತಿ ನೆಲೆಗೊಳ್ಳತೊಡಗಿತು.

ಜಾಸ್ ಒಳ್ಳೆಯದು, ಆದರೆ ಆಗ ಅದರ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಕಂಪ್ಯೂಟರಿಗಿಂತ ಅದರ ದನಿಯೇ ದುಬಾರಿ. ನಮ್ಮಲ್ಲಿ ಎಷ್ಟೋ ಹುಡುಗರು ಅದನ್ನು ಕಂಡದ್ದು ತರಬೇತಿ ಕೇಂದ್ರಗಳಲ್ಲಿ ಮಾತ್ರ. ಈ ಕಥೆ ತಿರುಗಿದ್ದು 2006ರಲ್ಲಿ. ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ವಿದ್ಯಾರ್ಥಿ ಓದನ್ನು ನಡುವೆ ನಿಲ್ಲಿಸಿ ಒಂದು ಉಚಿತ ಸ್ಕ್ರೀನ್ ರೀಡರ್ ಬರೆಯಲು ಕೂತರು. ಸಣ್ಣವರಿದ್ದಾಗ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾಗಿದ್ದ ಜೇಮ್ಸ್ ಟೇ ಜೊತೆಗೂಡಿದರು, ಅವರೂ ಅಂಧರೇ. ಅದು ಎನ್‌ವಿಡಿಎ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ನೋಡಬಹುದು, ತಮ್ಮ ಭಾಷೆಗೆ ತರಬಹುದು. ಕನ್ನಡಕ್ಕೂ ಬಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಇದೇ. ಇಬ್ಬರು ಕುರುಡ ಹುಡುಗರು ಸಾವಿರ ಡಾಲರಿನ ಬಾಗಿಲನ್ನು ಪುಕ್ಕಟೆ ತೆರೆದುಬಿಟ್ಟರು ಎಂಬುದನ್ನು ನಾನು ತರಗತಿಯಲ್ಲಿ ನೆಪ ಸಿಕ್ಕಾಗಲೆಲ್ಲ ಹೇಳುತ್ತೇನೆ, ಪಠ್ಯದಲ್ಲಿ ಅದು ಇರಲಿ ಬಿಡಲಿ.

ಎನ್‌ವಿಡಿಎಯ ಜೊತೆ ಬರುವ ದನಿಯ ಹೆಸರು ಇ-ಸ್ಪೀಕ್. ಜೊನಾಥನ್ ಡಡಿಂಗ್‌ಟನ್ ಎಂಬುವರು ಕಟ್ಟಿದ್ದು, ಕೆಲವೇ ಎಂಬಿಯಷ್ಟು ಗಾತ್ರ, ಕನ್ನಡವೂ ಬರುತ್ತದೆ. ಕೇಳಿದವರೆಲ್ಲ ‘ಅಯ್ಯೋ, ತಗಡು ಬಡಿದ ಹಾಗಿದೆಯಲ್ಲ, ಇದನ್ನು ದಿನವಿಡೀ ಹೇಗೆ ಕೇಳ್ತೀರಿ?’ ಅನ್ನುತ್ತಾರೆ. ಮನುಷ್ಯರ ದನಿಯನ್ನು ಧ್ವನಿಮುದ್ರಿಸಿ ಕಟ್ಟಿದ ಇಂಪಾದ ಎಂಜಿನ್ನುಗಳೂ ಇವೆ. ಕಾದಂಬರಿ ಕೇಳಲು ಅವು ಚೆನ್ನ. ಕೆಲಸಕ್ಕೆ ನನಗೆ ತಗಡೇ ಬೇಕು. ಇ-ಸ್ಪೀಕ್ ಧ್ವನಿಮುದ್ರಣವನ್ನು ನೆಚ್ಚಿಲ್ಲ; ಬಾಯಿ ಗಂಟಲುಗಳ ಅನುರಣನವನ್ನು ಸೂತ್ರಗಳಿಂದ ಲೆಕ್ಕಹಾಕಿ ಸದ್ದನ್ನು ಸೃಷ್ಟಿಸುತ್ತದೆ. ಆದ್ದರಿಂದ ಕೀಲಿ ಒತ್ತಿದ ತಕ್ಷಣ ಮಾತಾಡುತ್ತದೆ, ಎರಡು ಮೂರು ಪಟ್ಟು ವೇಗ ಮಾಡಿದರೂ ಅಕ್ಷರ ಕಲಸುವುದಿಲ್ಲ. ನೀವು ಪುಟದ ಮೇಲೆ ಕಣ್ಣಾಡಿಸುತ್ತೀರಿ, ನಾವು ಕಿವಿಯಾಡಿಸುತ್ತೇವೆ. ನನ್ನ ವೇಗದಲ್ಲಿ ಒಮ್ಮೆ ಕೇಳಿಸಿದಾಗ ನನ್ನ ಹೆಂಡತಿ ‘ಇದು ಕನ್ನಡವಾ?’ ಎಂದು ಕೇಳಿದಳು. ಕನ್ನಡವೇ. ಅದೂ ಕುಮಾರವ್ಯಾಸ.

ಈಗ ಕನ್ನಡ.

ಬರೆದಂತೆ ಓದುವ ಭಾಷೆ ನಮ್ಮದು ಎಂಬ ಹೆಮ್ಮೆ ನಮಗಿದೆ. ಮಾತಿನ ಎಂಜಿನ್ನು ಕಟ್ಟುವವರಿಗೆ ಅದು ದೊಡ್ಡ ಉಪಕಾರ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತಕ್ಕೆ ಹತ್ತು ಉಚ್ಚಾರ. ಹಿಂದಿಯಲ್ಲಿ ಬರೆದ ಅಕಾರವನ್ನು ಎಲ್ಲಿ ನುಂಗಬೇಕೆಂದು ನಿಯಮ ಹಾಕಬೇಕು. ಕನ್ನಡದಲ್ಲಿ ಬರೆದದ್ದನ್ನು ಹಾಗೇ ಹೇಳಿದರೆ ಮುಕ್ಕಾಲು ಪಾಲು ಸರಿ. ಅನುಸ್ವಾರವನ್ನು ‘ಸಂಪು’ವಿನಲ್ಲಿ ಮಕಾರವಾಗಿಯೂ ‘ಸಂಗ’ದಲ್ಲಿ ಙಕಾರವಾಗಿಯೂ ಹೇಳಬೇಕೆಂಬಂಥ ಕೆಲವು ಸೂತ್ರಗಳು, ಅಂಕಿಗಳನ್ನು ಪದ ಮಾಡುವ ಪಟ್ಟಿ, ‘ಡಾ.’ ‘ರೂ.’ ‘ಕಿ.ಮೀ.’ಗಳಂಥ ಮೊಟಕುಗಳು, ಇಷ್ಟನ್ನು ಕಲಿಸಿದರೆ ಯಂತ್ರ ಮಾತಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡದ ಮಾತಿನ ಎಂಜಿನ್ನನ್ನೂ, ಮುದ್ರಿತ ಕನ್ನಡವನ್ನು ಗುರುತಿಸುವ ‘ಲಿಪಿಜ್ಞಾನಿ’ಯನ್ನೂ ರೂಪಿಸಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಕನ್ನಡ ದನಿ ಇದೆ. ದನಿಯ ಬರ ನಮಗಿಲ್ಲ. ಬರ ಇರುವುದು ಅಕ್ಷರದ್ದು.

ಅದು ಹೇಗೆಂದು ಒಂದು ಪದದಲ್ಲಿ ತೋರಿಸುತ್ತೇನೆ. ಕನ್ನಡ ಟೈಪು ಮಾಡುವ ‘ನುಡಿ’ ಎಂಬ ಸಾಫ್ಟ್‌ವೇರಿನ ಹಳೆಯ ಅಕ್ಷರಶೈಲಿಯಲ್ಲಿ ಯಾರೋ ‘ಕನ್ನಡ’ ಎಂದು ಟೈಪು ಮಾಡಿದ್ದಾರೆ. ತೆರೆಯ ಮೇಲೆ ‘ಕನ್ನಡ’ ಎಂದೇ ಕಾಣುತ್ತದೆ. ಕಡತದ ಒಳಗೆ ಇರುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಪಿ ಇರುವ ಕಡೆ ಅಕ್ಷರಶೈಲಿ ತಲೆಕಟ್ಟಿಲ್ಲದ ಕಕಾರದ ಒಡಲನ್ನು ಬಿಡಿಸುತ್ತದೆ, ಗೀಟಿನ ಎ ಇರುವ ಕಡೆ ತಲೆಕಟ್ಟು, ಪೌಂಡಿಗೆ ನಕಾರ, ಜರ್ಮನ್ ಎಸ್ಸಿಗೆ ನಕಾರದ ಒತ್ತು. ನಿಮ್ಮ ಕಣ್ಣಿಗೆ ವೇಷ ಕಾಣುತ್ತದೆ. ಸ್ಕ್ರೀನ್ ರೀಡರಿಗೆ ವೇಷ ಕಾಣುವುದಿಲ್ಲ, ಅದು ಒಳಗಿನ ಹೆಸರು ಹಿಡಿದು ಕೂಗುತ್ತದೆ. ನಾಡಗೀತೆಯನ್ನೇ ಆ ಕಡತದಲ್ಲಿ ಇಟ್ಟಿದ್ದರೂ ನನಗೆ ಕೇಳಿಸುವುದು ಪಿ, ಎ, ಪೌಂಡ್, ಎ.

ಹೀಗೆ ಮಾಡಿದವರು ದಡ್ಡರಲ್ಲ. ಆಗ ಒಂದು ಅಕ್ಷರಶೈಲಿಯಲ್ಲಿ ಸಿಗುತ್ತಿದ್ದುದು 256 ಮನೆಗಳು. ನಮ್ಮ ಗುಣಿತ, ಒತ್ತುಗಳನ್ನೆಲ್ಲ ತುಂಡು ತುಂಡು ಮಾಡಿ ಆ ಮನೆಗಳಲ್ಲಿ ತುಂಬಿ, ಅಚ್ಚಿನ ಮೇಲೆ ಚಂದದ ಕನ್ನಡ ಬರಿಸಿದರು. ನುಡಿ, ಬರಹ, ಶ್ರೀಲಿಪಿಯಂಥ ಸಾಫ್ಟ್‌ವೇರುಗಳು ಇಲ್ಲದಿದ್ದರೆ ಕನ್ನಡದ ಡಿಟಿಪಿಯೇ ಇರುತ್ತಿರಲಿಲ್ಲ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು, ನಿಜ. ಆದರೆ ಅದನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕಾಯಿರಿ ಎಂದು ಪತ್ರಿಕೆಗಳಿಗೆ ಹೇಳುವಂತಿರಲಿಲ್ಲ. ನನ್ನ ತಕರಾರು ಇರುವುದು ಆಮೇಲಿನ ಕಾಲದ ಬಗ್ಗೆ. ನುಡಿ, ಬರಹಗಳಲ್ಲೂ ಯೂನಿಕೋಡ್ ಬಂದಾಯಿತು, ಫೋನಿನಲ್ಲಿ ಎಲ್ಲರೂ ಯೂನಿಕೋಡಿನಲ್ಲೇ ಹರಟುತ್ತಿದ್ದಾರೆ. ಆದರೂ ಅಚ್ಚಿಗೆ ಹೋಗುವ ಪುಸ್ತಕ, ಕಚೇರಿಯ ಸುತ್ತೋಲೆ, ವಿಶ್ವವಿದ್ಯಾಲಯದ ಪ್ರಬಂಧ ಬಂದ ಕೂಡಲೇ ಕೈ ಹಳೆಯ ಅಕ್ಷರಶೈಲಿಗೇ ಹೋಗುತ್ತದೆ.

ಯೂನಿಕೋಡಿನ ಗುಣವೆಂದರೆ ಅದು ಆಕಾರವನ್ನಲ್ಲ, ಅಕ್ಷರವನ್ನೇ ಹಿಡಿದಿಡುತ್ತದೆ. ಅಲ್ಲಿ ಕಕಾರದ ಸಂಖ್ಯೆ 3221, ಅಕ್ಷರಶೈಲಿ ಯಾವುದಾದರೂ ಅದು ಕಕಾರವೇ. ಕ್ರಮವೂ ಉಚ್ಚಾರದ್ದು. ‘ಸೂರ್ಯ’ ಬರೆಯುವಾಗ ಅರ್ಕಾವೊತ್ತನ್ನು ಯಕಾರದ ಆಚೆ ಹಾಕುತ್ತೇವೆ, ಆದರೆ ಹೇಳುವಾಗ ರಕಾರ ಮೊದಲು. ಹಳೆಯ ಅಕ್ಷರಶೈಲಿಗಳು ಕಣ್ಣಿನ ಕ್ರಮದಲ್ಲಿ ಇಡುತ್ತವೆ. ಯೂನಿಕೋಡ್ ಬಾಯಿಯ ಕ್ರಮದಲ್ಲಿ. ನನ್ನಂಥವರಿಗೆ ಬೇಕಾದ್ದು ಅದೇ.

ಆದರೂ ಯೂನಿಕೋಡಿನಲ್ಲಿ ಟೈಪು ಮಾಡಿದ ಮಾತ್ರಕ್ಕೆ ಪಾರಾಗುವುದಿಲ್ಲ. ಬೆರಳಚ್ಚು ಯಂತ್ರದ ಕಾಲದಿಂದ ಬಂದ ಒಂದು ಚಾಳಿ ಇದೆ: ಅನುಸ್ವಾರಕ್ಕೆ ಬದಲು ಅಂಕಿಯ ಸೊನ್ನೆ ಒತ್ತುವುದು. ‘ಬಂದ’ ಎಂಬುದೂ ‘ಬ೦ದ’ ಎಂಬುದೂ ನಿಮಗೆ ಒಂದೇ. ಎರಡನೆಯದರಲ್ಲಿ ನಡುವೆ ಇರುವುದು ಅಂಕಿ. ನನ್ನ ದನಿ ‘ಬ ಸೊನ್ನೆ ದ’ ಎಂದು ಓದುತ್ತದೆ. ಒಂದು ಇಡೀ ಕಥಾಸಂಕಲನ ಹೀಗೆ ನನ್ನ ಕೈಗೆ ಬಂದಿತ್ತು. ಕಥೆ ಒಳ್ಳೆಯದಿದ್ದರೂ ಎಲ್ಲ ಪಾತ್ರಗಳೂ ಬ ಸೊನ್ನೆ ದರು, ಹೋದರು, ಕುಳಿತು ಊಟ ಮಾಡಿ ಎ ಸೊನ್ನೆ ದರು. ನಗು ಬರುತ್ತದೆ, ಸಾವಿನ ಪ್ರಸಂಗದಲ್ಲಿ ಕೂಡ. ಹುಡುಕು ಸೌಲಭ್ಯದಲ್ಲಿ ‘ಬಂದ’ ಎಂದು ಕೊಟ್ಟರೆ ಅಂಥ ಪದ ಕಡತದಲ್ಲೇ ಇಲ್ಲ ಅನ್ನುತ್ತದೆ. ಈ ತೊಂದರೆ ಕಣ್ಣಿರುವವರಿಗೂ ಸಮಪಾಲು.

ಪುಟದ ಭಾಷೆ ಕನ್ನಡ ಎಂದು ಕಡತದೊಳಗೆ ನಮೂದಿಸದಿರುವುದು ಇನ್ನೊಂದು. ಆಗ ಇಂಗ್ಲಿಷ್ ದನಿಯೇ ಕನ್ನಡವನ್ನು ಓದಲು ಹೊರಡುತ್ತದೆ, ಇಲ್ಲವೇ ಮೌನವಾಗಿ ದಾಟಿಬಿಡುತ್ತದೆ. ಓದುತ್ತಿರುವವರಿಗೆ ಅಲ್ಲಿ ಏನೋ ಇತ್ತು ಎಂಬುದೂ ತಿಳಿಯುವುದಿಲ್ಲ.

ನನ್ನ ಕಸುಬಿನ ಕಷ್ಟಗಳು ಬೇರೆಯೇ. ಷಟ್ಪದಿಯನ್ನು ಅಚ್ಚು ಮಾಡುವಾಗ ಮಾತ್ರೆಯ ಲೆಕ್ಕಕ್ಕೆ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುತ್ತೇವೆ. ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನದರಲ್ಲಿ. ಗಮಕಿಗಳು ಸಲೀಸಾಗಿ ದಾಟುತ್ತಾರೆ. ಯಂತ್ರ ಸಾಲಿನ ಕೊನೆಗೆ ಉಸಿರು ಬಿಟ್ಟು ಉಳಿದರ್ಧವನ್ನು ಹೊಸ ಪದವೆಂಬಂತೆ ಶುರು ಮಾಡುತ್ತದೆ. ಕುಮಾರವ್ಯಾಸನನ್ನು ಓದುವಾಗ ನನ್ನ ಮನಸ್ಸಿನಲ್ಲಿ ಸದಾ ಒಂದು ಹೊಲಿಗೆ ನಡೆಯುತ್ತಿರುತ್ತದೆ. ಹಳಗನ್ನಡಕ್ಕೆ ಹೋದರೆ ೞಕಾರ ಬರುತ್ತದೆ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಅವರದು, ಹಾಗಾಗಿ ತಪ್ಪೆಂದು ಒಂದು ಟಿಪ್ಪಣಿ ಬರೆದು ಹೆಸರನ್ನು ಹಾಗೇ ಬಿಟ್ಟಿದ್ದಾರೆ. ನಾನು ಬಳಸುವ ದನಿ ೞಕಾರ ಬಂದ ಕಡೆ ಅದನ್ನು ನುಂಗಿ ಮುಂದೆ ಹೋಗುತ್ತದೆ. ಪಂಪನಿಗೆ ಇದು ಸಣ್ಣ ನಷ್ಟವೇನಲ್ಲ.

ಇಷ್ಟಾದರೂ ನಾನು ದೂರುವವನಲ್ಲ, ಯಾಕೆಂದರೆ ಇದಕ್ಕೂ ಮೊದಲಿನ ಕಾಲವನ್ನು ಬಲ್ಲೆ. ಹಾಸ್ಟೆಲಿನಲ್ಲಿ ರೂಮಿನ ಗೆಳೆಯರು ಓದಿ ಹೇಳಬೇಕು. ಅವರಿಗೆ ನಿದ್ದೆ ಬಂದಲ್ಲಿಗೆ ಆ ದಿನದ ಸಾಹಿತ್ಯ ಮುಗಿಯಿತು. ಯಾರಿಂದ ಏನನ್ನು ಓದಿಸಿಕೊಳ್ಳಬಹುದು ಎಂಬ ಸಂಕೋಚ ಬೇರೆ. ಮನೆಯಿಂದ ಬಂದ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಏನೆಂದು ಕೇಳಿದವರಿಗೇ ಗೊತ್ತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುತ್ತಿದ್ದುದು ನನ್ನ ಪೀಳಿಗೆಗೆ ದೊಡ್ಡ ಆಸರೆ. ಆದರೆ ಕ್ಯಾಸೆಟ್ಟಿನಲ್ಲಿ ಒಂದು ಪದದ ಕಾಗುಣಿತ ನೋಡಲು ಬರುವುದಿಲ್ಲ. ಸ್ಕ್ರೀನ್ ರೀಡರಿನಲ್ಲಿ ಬಾಣದ ಕೀಲಿ ಒತ್ತುತ್ತ ಅಕ್ಷರ ಅಕ್ಷರವಾಗಿ ನಡೆಯಬಹುದು. ಅದಕ್ಕಿಂತ ಹೆಚ್ಚಾಗಿ, ನಾನೇ ಬರೆಯಬಹುದು, ಬರೆದದ್ದನ್ನು ನಾನೇ ತಿದ್ದಬಹುದು.

ಈಗಿನ ಹುಡುಗರಿಗೆ ಲ್ಯಾಪ್‌ಟಾಪಿಗಿಂತ ಮೊದಲು ಫೋನು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಬಂತು, ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್. ಗುಂಡಿಗಳೇ ಇಲ್ಲದ ಸಪಾಟು ಗಾಜನ್ನು ಕುರುಡರು ಹೇಗೆ ಬಳಸುತ್ತಾರೆ ಎಂದು ಆಗ ನಾವೂ ನಂಬಿರಲಿಲ್ಲ. ಉಪಾಯ ಸರಳ: ಬೆರಳು ತಾಗಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಕೆಲಸ ಮಾಡುತ್ತದೆ. ಗೂಗಲ್‌ನಲ್ಲಿ ಈ ದಿಕ್ಕಿನ ಮೊದಲ ಕೆಲಸಗಳನ್ನು ಮಾಡಿದವರಲ್ಲಿ ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಒಬ್ಬರು. ಹದಿನಾಲ್ಕರ ವಯಸ್ಸಿಗೆ ಗ್ಲಾಕೋಮಾದಿಂದ ಕಣ್ಣು ಹೋಯಿತು. ಮುಂಬಯಿಯ ಐಐಟಿಯಲ್ಲಿ ಓದಿ ಕಾರ್ನೆಲ್‌ಗೆ ಹೋದರು. 1994ರ ಅವರ ಪಿಎಚ್‌.ಡಿ. ಪ್ರಬಂಧ ಗಣಿತದ ಸಮೀಕರಣಗಳನ್ನು ಕಿವಿಗೆ ಅರ್ಥವಾಗುವಂತೆ ಹೇಳುವುದು ಹೇಗೆಂಬುದರ ಬಗ್ಗೆ. ಆ ವ್ಯವಸ್ಥೆಗೆ ಅವರು ಆಸ್ಟರ್ ಎಂದು ಹೆಸರಿಟ್ಟರು. ಅವರಿಗೆ ದಾರಿ ತೋರುತ್ತಿದ್ದ ನಾಯಿಯ ಹೆಸರೂ ಅದೇ.

ಒಂದು ಭಿನ್ನಾಭಿಪ್ರಾಯವನ್ನು ಇಲ್ಲಿ ಹೇಳಬೇಕು. ದನಿ ಬಂದ ಮೇಲೆ ಬ್ರೈಲ್ ಯಾಕೆ ಎಂದು ಕೇಳುವವರಿದ್ದಾರೆ, ನಮ್ಮವರಲ್ಲೂ. ನಾನು ಒಪ್ಪುವುದಿಲ್ಲ. ಕಿವಿಯಿಂದಲೇ ಕಲಿತು ಬಂದ ಹುಡುಗರ ಉತ್ತರ ಪತ್ರಿಕೆಗಳನ್ನು ತಿದ್ದಿದವನು ನಾನು. ವೇಗದಲ್ಲಿ ಅಲ್ಪಪ್ರಾಣ ಮಹಾಪ್ರಾಣದ ಗೆರೆ ಅಳಿಸಿಹೋಗುತ್ತದೆ. ಶಕಾರ ಷಕಾರಗಳಂತೂ ಕಣ್ಣಿರುವವರ ಕಿವಿಗೂ ಒಂದೇ. ಬೆರಳಿಗೆ ಹಾಗಲ್ಲ, ಒಂದೊಂದಕ್ಕೂ ಬೇರೆ ಚುಕ್ಕಿ. ಅಂಧರಾಗಿದ್ದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಪುರಾಣಗಳನ್ನೂ ನಾಟಕಗಳನ್ನೂ ರಚಿಸಿದ್ದು ಯಾವ ಕಂಪ್ಯೂಟರೂ ಇಲ್ಲದ ಕಾಲದಲ್ಲಿ. ಅವರಿಗೆ ಬ್ರೈಲ್ ಚೆನ್ನಾಗಿ ಬರುತ್ತಿತ್ತು. ಸ್ಕ್ರೀನ್ ರೀಡರಿಗೆ ಜೋಡಿಸಿ ಬೆರಳ ಕೆಳಗೆ ಚುಕ್ಕಿಗಳು ಎದ್ದು ಇಳಿಯುವ ಬ್ರೈಲ್ ಪಟ್ಟಿಗಳೂ ಈಗ ಇವೆ. ಬೆಲೆ ಇಳಿಯುತ್ತಿದ್ದರೂ ಶಾಲೆಗಳ ಕೈಗೆ ಎಟುಕಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ, ಅದು ನಮ್ಮ ಪರವಾಗಿಯೇ ಇದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ, ಅಂಧರು ಓದುವ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸಲು ಹಕ್ಕುಸ್ವಾಮ್ಯ ಅಡ್ಡಿಯಲ್ಲ. ಇದೇ ಆಶಯದ 2013ರ ಮಾರಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ಭಾರತ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಹೇಳಿತು. ಬ್ಯಾಂಕು ಖಾತೆಗೆ ಬೇಕಾದ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ತೋರಿಸಿ ಎಂಬಂಥ ಬೇಡಿಕೆಗಳ ಬಗ್ಗೆ ಬಂದ ತೀರ್ಪು ಅದು. ಇಷ್ಟಿದ್ದರೂ ಕಚೇರಿಗಳಲ್ಲಿ ನಡೆಯುವುದು ಏನು? ಆದೇಶವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾರೆ. ಅಚ್ಚು ತೆಗೆಯುತ್ತಾರೆ. ಸಹಿ, ಮೊಹರು. ಆಮೇಲೆ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುತ್ತಾರೆ. ಅದು ಈಗ ಕಾಗದದ ಫೋಟೊ, ಅದರಲ್ಲಿ ಒಂದು ಅಕ್ಷರವೂ ಇಲ್ಲ. ಪುಸ್ತಕದ ಕಥೆಯೂ ಇದೇ. ಪ್ರಕಾಶಕರ ಬಳಿ ಟೈಪು ಮಾಡಿದ ಕಡತ ಇರುತ್ತದೆ, ಆದರೆ ನಮ್ಮವರು ಅಂಗಡಿಯಿಂದ ಪುಸ್ತಕ ತಂದು, ಬೆನ್ನು ಕತ್ತರಿಸಿ, ಪುಟ ಪುಟ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟು, ಅದು ಮಾಡುವ ತಪ್ಪುಗಳನ್ನು ಕೂತು ತಿದ್ದುತ್ತಾರೆ. ಒಮ್ಮೆ ಟೈಪಾದದ್ದನ್ನು ಮತ್ತೆ ಅಕ್ಷರ ಮಾಡಲು ತಿಂಗಳುಗಳು. ಕಡತ ಕೊಟ್ಟರೆ ನಕಲು ಮಾರುಕಟ್ಟೆಗೆ ಹೋಗಿಬಿಡುತ್ತದೆ ಎಂಬ ಪ್ರಕಾಶಕರ ಭಯ ನನಗೆ ಅರ್ಥವಾಗುತ್ತದೆ. ನಕಲಿ ಪುಸ್ತಕದವರಿಗೆ ಮಾತ್ರ ಯಾರೂ ಕಡತ ಕೊಟ್ಟಿರಲಿಲ್ಲ. ಅವರಿಗೆ ಜೆರಾಕ್ಸ್ ಸಾಕಾಗಿತ್ತು.

ಕೃತಕ ಬುದ್ಧಿಮತ್ತೆ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಇನ್ನು ಬರೆಯುವವರಿಗೆ ತಲೆನೋವು ಬೇಡ ಎಂಬ ಮಾತು ಈಗ ಕೇಳುತ್ತಿದೆ. ಫೋಟೊ ಕೊಟ್ಟರೆ ಅದು ವಿವರಿಸುತ್ತದೆ, ಚೆನ್ನಾಗಿಯೇ ವಿವರಿಸುತ್ತದೆ. ಮೊನ್ನೆ ನಮ್ಮ ಕುಟುಂಬದ ಹಳೆಯ ಫೋಟೊವೊಂದನ್ನು ಕೊಟ್ಟಾಗ ನನ್ನ ತಾಯಿಯ ಸೀರೆಯ ಅಂಚಿನ ಬಣ್ಣ ಹೇಳಿತು. ಅಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಸ್ಕ್ಯಾನ್ ಆದ ಅಂಕಪಟ್ಟಿಯಲ್ಲಿ ಅದು 6ನ್ನು 8 ಎಂದು ಓದಿದರೆ, ತಪ್ಪಾಗಿದೆ ಎಂದು ಕಂಡುಹಿಡಿಯುವ ದಾರಿ ನನಗಿಲ್ಲ. ಊಹೆಯನ್ನು ಫೋಟೊಗೆ ಒಪ್ಪುತ್ತೇನೆ. ಅಂಕಪಟ್ಟಿಗೆ, ಬ್ಯಾಂಕಿನ ಪತ್ರಕ್ಕೆ, ಪಂಪನ ಪಾಠಕ್ಕೆ ಒಪ್ಪುವುದಿಲ್ಲ. ಅಲ್ಲಿ ನನಗೆ ಅಕ್ಷರವೇ ಬೇಕು.

ಈ ಉಪನ್ಯಾಸವನ್ನು ಅಚ್ಚು ಹಾಕಿಸುವುದಾಗಿ ಸಂಘಟಕರು ಹೇಳಿದ್ದಾರೆ. ಕಡತವನ್ನು ಯೂನಿಕೋಡಿನಲ್ಲಿ ಕೊಟ್ಟಿದ್ದೇನೆ, ಅನುಸ್ವಾರಗಳೆಲ್ಲ ಅನುಸ್ವಾರಗಳೇ, ಉದಾಹರಣೆಗೆಂದು ಬೇಕಂತಲೇ ಹಾಕಿದ ಆ ಒಂದು ಸೊನ್ನೆಯನ್ನು ಬಿಟ್ಟು. ಡಿಟಿಪಿಯವರು ದಯವಿಟ್ಟು ಅದನ್ನು ತಿದ್ದಬಾರದು, ಉಳಿದದ್ದನ್ನು ಬೇರೆ ಅಕ್ಷರಶೈಲಿಗೆ ಬದಲಿಸಲೂಬಾರದು. ಇನ್ನು ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆಯಂತೆ. ಕೈ ಎತ್ತಿ ಕಾಯಬೇಡಿ, ನನಗೆ ತಿಳಿಯುವುದಿಲ್ಲ. ಹೆಸರು ಹೇಳಿ ಮಾತು ಶುರು ಮಾಡಿ.